ಎರಡನೆಯ ಏಟಿನ ಸುದ್ದಿ

ನನ್ನ ವೃತ್ತಿಯ ಏರುಗತಿಯನ್ನು ಮೊದಲೇ ಹೇಳಿ ಮುಗಿಸಿಬಿಡುತ್ತೇನೆ. ಕೆಲಸಕ್ಕೆ ಸೇರಿದಾಗ ನನ್ನ ವರದಿಯ ತಲೆಯ ಮೇಲೆ ‘ನಮ್ಮ ಬಾತ್ಮೀದಾರರಿಂದ’ ಎಂದು ಅಚ್ಚಾಗುತ್ತಿತ್ತು. ಕೆಲವು ವರ್ಷಗಳ ನಿಷ್ಠಾವಂತ ಸೇವೆಯ ನಂತರ ಅದು ‘ನಮ್ಮ ವಿಶೇಷ ಬಾತ್ಮೀದಾರರಿಂದ’ ಎಂದಾಯಿತು. ಈ ವಿಶೇಷ ಸಂಗತಿ ಸಂಬಳದ ಕಿವಿಗೆ ಬೀಳಲಿಲ್ಲ. ಇನ್ನುಳಿದದ್ದು ಕೆಲಸದ ವಿಚಾರ.

ಪತ್ರಿಕೆಗಳಿಗೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಆಗಾಗ ನಮ್ಮ ಮನೆಗೆ ಬರುತ್ತಾರೆ. ಪೊಲೀಸರು ಬೇಡವೆಂದರೆ ಸುದ್ದಿ ಬಿಡಬೇಕೆ, ಪಾಪದವರಿಗೆ ತೊಂದರೆಯಾಗುವ ಸತ್ಯವನ್ನು ಬರೆಯಬೇಕೆ, ತನ್ನನ್ನು ಕಾಪಾಡಿಕೊಳ್ಳಲು ಹೊಡೆದವರನ್ನು ಏನೆಂದು ಕರೆಯಬೇಕು ಎಂದೆಲ್ಲ ಕೇಳುತ್ತಾರೆ. ಇದಕ್ಕೆಲ್ಲ ಈಗ ದಪ್ಪ ದಪ್ಪ ಪುಸ್ತಕಗಳಿವೆಯಂತೆ. ನನಗೆ ಗೊತ್ತಿರುವುದು ಭದ್ರಾವತಿಯ ಒಂದು ಊದುಕೊಳವೆ ಮಾತ್ರ. ಅದರ ಹತ್ತಿರ ಹೋಗುವ ಮೊದಲು, ಐವತ್ತರ ದಶಕದಲ್ಲಿ ನಮ್ಮ ಜಿಲ್ಲೆಯಲ್ಲಿ ಅಪರಾಧಗಳು ಎಷ್ಟು ಶಿಸ್ತಿನಿಂದ ನಡೆಯುತ್ತಿದ್ದವೆಂಬುದನ್ನು ಹೇಳಬೇಕು.

ನಮ್ಮದು ಶಿವಮೊಗ್ಗದ ದುರ್ಗಿಗುಡಿಯ ಒಂದು ಸಂದಿಯಿಂದ ಹೊರಡುತ್ತಿದ್ದ ನಾಲ್ಕು ಪುಟದ ದಿನಪತ್ರಿಕೆ. ಸೀಸದ ಅಕ್ಷರಮೊಳೆಗಳನ್ನು ಒಂದೊಂದಾಗಿ ಕೈಯಿಂದ ಜೋಡಿಸಿ, ಕಾಲಿನಿಂದ ತುಳಿಯುವ ಯಂತ್ರದಲ್ಲಿ ಅಚ್ಚು ಹಾಕುತ್ತಿದ್ದೆವು. ಒಡೆಯರೂ ಸಂಪಾದಕರೂ ಆಗಿದ್ದವರು ಸದಾಶಿವಯ್ಯನವರು. ಹಣೆ ತುಂಬ ವಿಭೂತಿ, ಬಾಯಿ ತುಂಬ ಎಲೆಯಡಿಕೆ. ಸಿಟ್ಟು ಬಂದರೆ ಬೈಯುತ್ತಿರಲಿಲ್ಲ. ಬೈಯಬೇಕಾದರೆ ಎದ್ದು ಹೋಗಿ ಎಲೆಯಡಿಕೆ ಉಗಿದು ಬರಬೇಕಲ್ಲ, ಅಷ್ಟರಲ್ಲಿ ಸಿಟ್ಟು ಇಳಿದಿರುತ್ತಿತ್ತು. ಬಹಳ ಜನರ ನೌಕರಿಯನ್ನು ಆ ಎಲೆಯಡಿಕೆ ಕಾಪಾಡಿದೆ. ನನ್ನದೂ ಸೇರಿ.

ದಿನಾ ಬೆಳಿಗ್ಗೆ ನಾನು ಠಾಣೆಗೆ ಹೋಗಿ ಬೆಂಚಿನ ಮೇಲೆ ಕೂರುತ್ತಿದ್ದೆ. ಬರವಣಿಗೆ ನೋಡಿಕೊಳ್ಳುವ ಹೆಡ್ ಕಾನ್‌ಸ್ಟೇಬಲ್ಲರು ಮನಸ್ಸಿಗೆ ಬಂದಷ್ಟು ಓದಿ ಹೇಳುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. ಕಳ್ಳ ಸಿಕ್ಕಿದ ಮೇಲೆ ಮಾತ್ರ ಕಳ್ಳತನವನ್ನು ಹೇಳುವುದು ಅಲ್ಲಿನ ಸಂಪ್ರದಾಯ. ಹಾಗಾಗಿ ನಮ್ಮ ಪತ್ರಿಕೆ ಓದುವವರಿಗೆ, ಕಳ್ಳ ಸಿಗದ ಕಳ್ಳತನ ನಮ್ಮ ಜಿಲ್ಲೆಯಲ್ಲಿ ನಡೆಯುತ್ತಲೇ ಇರಲಿಲ್ಲ. ಅಂಥ ರಾಮರಾಜ್ಯವನ್ನು ಕಟ್ಟಿದ್ದರಲ್ಲಿ ನನ್ನ ಅಳಿಲುಸೇವೆಯೂ ಇದೆ.

ಯಾವುದು ಸುದ್ದಿ, ಯಾವುದಲ್ಲ ಎಂಬುದರ ಮೊದಲ ಪಾಠ ನನಗೆ ಆಯನೂರಿನ ಕಡೆಯಿಂದ ಬಂತು. ಒಂದು ದಿನ ರುದ್ರಪ್ಪನೆಂಬ ರೈತ ಕಚೇರಿಗೆ ಬಂದು, ಬೆಳಗಿನ ಜಾವ ತನ್ನ ಹಿತ್ತಿಲಿಗೆ ನುಗ್ಗಿದ ಕಳ್ಳನನ್ನು ಬಡಿದು ಹಾಕಿದ್ದೇನೆಂದೂ ಅದನ್ನು ಪೇಪರಿನಲ್ಲಿ ಹಾಕಬೇಕೆಂದೂ ಕೇಳಿದ. ವಿಚಾರಿಸಿದಾಗ ಆ ಕಳ್ಳ ಅವನ ಹೆಂಡತಿಯ ತಮ್ಮನೇ ಎಂದು ತಿಳಿಯಿತು. ಅಕ್ಕನ ಮನೆಗೆ ಮೊದಲ ಬಸ್ಸಿಗೆ ಬಂದವನು, ಎಲ್ಲರನ್ನೂ ಎಬ್ಬಿಸುವುದೇಕೆಂದು ಹಿತ್ತಿಲ ಕಡೆಯಿಂದ ಬಂದಿದ್ದ. “ಕಳ್ಳ ಅಂತಲೇ ಹಾಕಿ ಸ್ವಾಮಿ. ಭಾಮೈದ ಅಂತ ಹಾಕಿದ್ರೆ ನನ್ನ ಹೆಂಡ್ತಿ ತವರಿಗೆ ಹೋಗ್ತಾಳೆ” ಎಂದ ರುದ್ರಪ್ಪ.

ಸದಾಶಿವಯ್ಯನವರು ಎದ್ದು ಹೋಗಿ ಎಲೆಯಡಿಕೆ ಉಗಿದು ಬಂದರು. “ಹೊಡೆಯೋವಾಗ ಅವನನ್ನ ನಿಜವಾಗ್ಲೂ ಕಳ್ಳ ಅಂದ್ಕೊಂಡಿದ್ಯೇನಪ್ಪ?”

ರುದ್ರಪ್ಪ ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ. “ಮೊದಲನೇ ಏಟಿಗೆ ಅಂದ್ಕೊಂಡಿದ್ದೆ ಸ್ವಾಮಿ.”

ಆ ಸುದ್ದಿಯನ್ನು ನಾವು ಹಾಕಲಿಲ್ಲ. ಅದು ಊರಿನವರಿಗೆ ಬೇಕಾದ ಸುದ್ದಿಯಲ್ಲ, ಅವನ ಹೆಂಡತಿಗೆ ಬೇಕಾದ ಸುದ್ದಿ, ಅವಳಿಗೆ ಆಗಲೇ ತಲುಪಿದೆ ಎಂದು ಸದಾಶಿವಯ್ಯನವರು ತೀರ್ಪು ಕೊಟ್ಟರು. ‘ಯಾರಿಗೆ ಬೇಕು?’ ಎಂಬ ಆ ಪ್ರಶ್ನೆಯನ್ನು ನಾನು ಆವತ್ತೇ ಗಂಟು ಹಾಕಿಕೊಂಡೆ. ಆದರೆ ಗಂಟು ಬಿಚ್ಚಬೇಕಾದ ಹೊತ್ತಿನಲ್ಲಿ ಅದು ನಮ್ಮಿಬ್ಬರಿಗೂ ನೆನಪಾಗಲಿಲ್ಲ.

ಆಗೆಲ್ಲ ನಮ್ಮ ಕಡೆ ಮಲೇರಿಯಾದ ಕಾಟ. ಸರ್ಕಾರದವರು ಮನೆ ಮನೆಗೆ ಬಂದು ಗೋಡೆಗಳಿಗೆ ಡಿ.ಡಿ.ಟಿ. ಸಿಂಪಡಿಸಿ ಹೋಗುತ್ತಿದ್ದರು. ಬರುವ ಮೊದಲು ಪಾತ್ರೆ ಪಡಗ, ಹಾಸಿಗೆ, ಕಾಳುಕಡ್ಡಿ ಎಲ್ಲವನ್ನೂ ಹೊರಗೆ ತಂದಿಡಬೇಕು. ಸಿಂಪಡಿಸಿದ ಮೇಲೆ ಬಾಗಿಲ ಪಕ್ಕ ಕಾವಿ ಬಣ್ಣದಲ್ಲಿ ತಾರೀಖು ಬರೆದು ಹೋಗುತ್ತಿದ್ದರು. ಪುಣ್ಯದ ಕೆಲಸ. ಚಳಿಜ್ವರದಲ್ಲಿ ನಡುಗಿದವರಿಗೆ ಅದರ ಬೆಲೆ ಗೊತ್ತು, ನಾನೂ ನಡುಗಿದವನೇ.

ಆ ವರ್ಷ ಭದ್ರಾವತಿಯ ಹಳೇನಗರದಲ್ಲಿ ಇನ್ನೊಬ್ಬ ಸಿಂಪಡಿಸುವವನು ಹುಟ್ಟಿಕೊಂಡ. ಗಂಡಸರು ಕಾರ್ಖಾನೆಯ ಪಾಳಿಗೆ ಹೋದ ಹೊತ್ತು ನೋಡಿ, ಖಾಕಿ ಚಡ್ಡಿ ಹಾಕಿಕೊಂಡು, ಪಂಪಿನಲ್ಲಿ ಸುಣ್ಣದ ನೀರು ತುಂಬಿಕೊಂಡು ಒಬ್ಬನೇ ಬರುತ್ತಿದ್ದ. ಮನೆಯ ಹೆಂಗಸು ಬೆವರು ಸುರಿಸುತ್ತ ಪಾತ್ರೆಗಳನ್ನು ಅಂಗಳಕ್ಕೆ ಹೊರುತ್ತಿದ್ದರೆ, ಒಳಗೆ ಇವನು ನೆಮ್ಮದಿಯಾಗಿ ಟ್ರಂಕು ತೆಗೆಯುತ್ತಿದ್ದ. ಒಂದೆರಡು ಮನೆಯವರು ದೂರು ಕೊಟ್ಟರು. ಅದು ನನ್ನ ಕಿವಿಗೂ ಬಿತ್ತು. ಬರೆಯಲು ಹೊರಟಾಗ ಭದ್ರಾವತಿಯ ಇನ್‌ಸ್ಪೆಕ್ಟರ್ ಸಾಹೇಬರು ಕರೆಸಿದರು.

ಕೆಟ್ಟ ಮನುಷ್ಯರೇನಲ್ಲ. ಟೀ ತರಿಸಿ, ಸಮಾಧಾನವಾಗಿ ಕೇಳಿದರು: “ನೀವು ಇದನ್ನ ಹಾಕಿದ್ರೆ ನಾಳೆಯಿಂದ ನಿಜವಾದ ಮಲೇರಿಯಾದವರಿಗೂ ಯಾರೂ ಬಾಗಿಲು ತೆಗೆಯೋಲ್ಲ. ಈ ಊರಲ್ಲಿ ಜ್ವರದಿಂದ ಸಾಯೋರು ಜಾಸ್ತಿನೋ, ಕಳ್ಳನಿಂದ ಸಾಯೋರು ಜಾಸ್ತಿನೋ? ಕಳ್ಳ ಸಿಗಲಿ, ಆಮೇಲೆ ಹಾಕಿ.”

ಮಾತಿನಲ್ಲಿ ನ್ಯಾಯವಿತ್ತು. ನಾನು ಸದಾಶಿವಯ್ಯನವರಿಗೆ ಹೇಳಿದೆ. ಅವರೂ ತಲೆಯಾಡಿಸಿದರು. ನಾವು ಸುಮ್ಮನಾದೆವು. ಕಳ್ಳನು ಸುಮ್ಮನಾಗಲಿಲ್ಲ. ಆ ಒಪ್ಪಂದದಲ್ಲಿ ಅವನ ರುಜು ಇರಲಿಲ್ಲ.

ಹಳೇನಗರದ ಗಂಗಮ್ಮನ ಗಂಡ ವೀರಭದ್ರಪ್ಪ ಕಾರ್ಖಾನೆಯಲ್ಲಿ ಕುಲುಮೆಯ ಕೆಲಸಗಾರ. ಒಂದು ಮಧ್ಯಾಹ್ನ ಸುಣ್ಣದ ನೀರಿನವನು ಅವರ ಮನೆಗೆ ಬಂದ. ಗಂಗಮ್ಮ ಪದ್ಧತಿಯಂತೆ ಪಾತ್ರೆಗಳನ್ನೆಲ್ಲ ಹೊರಗೆ ಸಾಗಿಸಿ, ಬಿಸಿಲಲ್ಲಿ ಬಂದವನಲ್ಲವೇ ಎಂದು ಮಜ್ಜಿಗೆಯನ್ನೂ ಕೊಟ್ಟಳು. ಒಲೆಯ ಮೇಲೆ ಹಾಲು ಉಳಿದದ್ದು ನೆನಪಾಗಿ ಒಳಗೆ ಬಂದರೆ ಟ್ರಂಕಿನ ಬಾಯಿ ತೆಗೆದಿತ್ತು. ಕೂಗುವ ಮೊದಲೇ ಅವನು ಅವಳ ಕೊರಳು ಹಿಡಿದು ಗೋಡೆಗೆ ಒತ್ತಿದ. ಒಲೆಯ ಪಕ್ಕ ಕೈಗೆ ಸಿಕ್ಕಿದ್ದು ಊದುಕೊಳವೆ. ಬೇರೆ ಊರುಗಳಲ್ಲಿ ಅದು ಬಿದಿರಿನದೋ ತಗಡಿನದೋ ಆಗಿರುತ್ತದೆ. ಭದ್ರಾವತಿ ಕಬ್ಬಿಣದ ಊರು; ಅಲ್ಲಿ ಊದುಕೊಳವೆ ಎಂದರೆ ಗಟ್ಟಿ ಕಬ್ಬಿಣದ ಪೈಪು. ಏಟು ಭುಜಕ್ಕೆ ಬಿತ್ತು. ಅವನು ಕೊರಳು ಬಿಟ್ಟು, ಮುಗ್ಗರಿಸಿ, ಹೊಸ್ತಿಲ ಮೇಲೆ ಬಿದ್ದ. ಇನ್ನೊಂದು ಏಟು ತಲೆಗೆ ಬಿತ್ತು. ಅವನಿಗೆ ಎಚ್ಚರ ತಪ್ಪಿತು.

ಮರುದಿನದ ಪತ್ರಿಕೆಗೆ ನಾನು ಠಾಣೆಯವರು ಹೇಳಿದಷ್ಟನ್ನು ಬಹಳ ಜೋಪಾನವಾಗಿ ಬರೆದೆ. ‘ಡಿ.ಡಿ.ಟಿ. ಸಿಂಪಡಿಸುವವನೆಂದು ಹೇಳಿಕೊಂಡು ಬಂದನೆನ್ನಲಾದ ವ್ಯಕ್ತಿಗೆ ಗೃಹಿಣಿಯೊಬ್ಬರಿಂದ ಪೆಟ್ಟು, ಆತ ಆಸ್ಪತ್ರೆಯಲ್ಲಿ, ತನಿಖೆ ನಡೆದಿದೆ.’ ವಕೀಲರೂ ತಪ್ಪು ಹುಡುಕಲಾರದ ವಾಕ್ಯ. ಆದರೆ ಅದನ್ನು ಓದಿದವರೆಷ್ಟು ಜನ?

ಇಲ್ಲಿ ನಮ್ಮ ಭದ್ರಾವತಿ ಏಜೆಂಟ್ ಚಿನ್ನಸಾಮಿಯ ವ್ಯಾಪಾರದ ಗುಟ್ಟನ್ನು ಹೇಳಬೇಕು. ಬಸ್‌ಸ್ಟ್ಯಾಂಡಿನ ಬಳಿ ಅವನ ಅಂಗಡಿ. ಮುಂದೆ ಒಂದು ಕಪ್ಪು ಹಲಗೆ. ಬೆಳಿಗ್ಗೆ ಬಸ್ಸಿನಲ್ಲಿ ಪತ್ರಿಕೆಯ ಕಟ್ಟು ಇಳಿದ ಕೂಡಲೇ ಅದರಲ್ಲಿ ಹೆಚ್ಚು ಭಯ ಹುಟ್ಟಿಸುವ ಸುದ್ದಿಯನ್ನು ಹುಡುಕಿ, ಅದರ ಅರ್ಧವನ್ನು ಮಾತ್ರ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದ. ಉಳಿದರ್ಧ ಬೇಕಾದವರು ಪತ್ರಿಕೆ ಕೊಳ್ಳಬೇಕು. ‘ತುಂಗಾ ಸೇತುವೆಯ ಮೇಲೆ ಮಂತ್ರಿಗಳ ಕಾರು...’ ಎಂದು ಬರೆದು ಕಟ್ಟು ಖಾಲಿ ಮಾಡಿದ್ದ ಮಹಾನುಭಾವ. ಮಂತ್ರಿಗಳ ಕಾರು ಸೇತುವೆಯನ್ನು ಸುಖವಾಗಿ ದಾಟಿತ್ತು. ಆವತ್ತು ಅವನು ಬರೆದದ್ದು: ‘ಡಿ.ಡಿ.ಟಿ.ಯವನ ತಲೆ ಒಡೆದ ಹಳೇನಗರದ ಗೃಹಿಣಿ! ಅವನು ಈಗ...’

ಕೊಂಡು ಓದಿದವರು ಕೆಲವರು. ಹಲಗೆ ಓದಿದವರು ಊರೆಲ್ಲ. ಉಳಿದರ್ಧವನ್ನು ಅವರೇ ಬರೆದುಕೊಂಡರು. ಮಧ್ಯಾಹ್ನದ ಹೊತ್ತಿಗೆ ಗಂಗಮ್ಮ ಒಬ್ಬ ಬಡ ಸರ್ಕಾರಿ ನೌಕರನನ್ನು ಕೊಂದಿದ್ದಳು. ಸಂಜೆಗೆ ಅವನಿಗೆ ಮೂವರು ಸಣ್ಣ ಮಕ್ಕಳೂ ಹುಟ್ಟಿದ್ದರು. ನಿಜವಾದ ಮಲೇರಿಯಾದವರು ಹಳೇನಗರಕ್ಕೆ ಕಾಲಿಡುವುದಿಲ್ಲವೆಂದು ಕೂತರು. ಯಾವುದಕ್ಕೆ ಹೆದರಿ ನಮ್ಮ ಬಾಯಿ ಮುಚ್ಚಿಸಿದ್ದರೋ ಅದು, ನಮ್ಮ ಬಾಯಿ ಮುಚ್ಚಿದ್ದರಿಂದಲೇ ಆಗಿಹೋಗಿತ್ತು.

ನಾನು ಗಂಗಮ್ಮನ ಮನೆಗೆ ಹೋದೆ. ಮೂವತ್ತರ ಒಳಗಿನ ಹೆಂಗಸು, ಕೊರಳ ಮೇಲೆ ಬೆರಳಿನ ಗುರುತು ಇನ್ನೂ ನೀಲಿಗಟ್ಟಿತ್ತು. ಕೊಳಾಯಿಯ ಹತ್ತಿರ ಹೋದರೆ ಹೆಂಗಸರು ಕೊಡ ಎತ್ತಿಕೊಂಡು ಸರಿಯುತ್ತಾರಂತೆ. ಕುಲುಮೆಯ ಹತ್ತಿರ ವೀರಭದ್ರಪ್ಪನ ಜೊತೆ ಬುತ್ತಿ ಬಿಚ್ಚುತ್ತಿದ್ದವರು ಬೇರೆ ಕಡೆ ಕೂರುತ್ತಾರಂತೆ. ಆಸ್ಪತ್ರೆಯಲ್ಲಿದ್ದವನು ಕಣ್ಣು ಬಿಡದೆ ಹೋದರೆ ಹೆಂಡತಿಯನ್ನು ಕರೆದುಕೊಂಡು ಹೋಗಬೇಕಾಗುತ್ತದೆಂದು ಇನ್‌ಸ್ಪೆಕ್ಟರರು ವೀರಭದ್ರಪ್ಪನಿಗೆ ಹೇಳಿಹೋಗಿದ್ದರು.

ಅವಳು ನಡೆದದ್ದನ್ನು ಮುಚ್ಚುಮರೆ ಇಲ್ಲದೆ ಹೇಳಿದಳು. ಎರಡನೆಯ ಏಟಿನ ಹತ್ತಿರ ಬಂದಾಗ ವೀರಭದ್ರಪ್ಪ ಅಡ್ಡ ಬಂದ. “ಅದೊಂದು ಬೇಡ ಸ್ವಾಮಿ. ಒಂದೇ ಏಟು ಅಂತ ಹಾಕಿ. ನಿಮ್ಮ ಕಾಲಿಗೆ ಬೀಳ್ತೀನಿ.”

“ಅವನು ಬಿದ್ದ ಮೇಲೆ ಎದ್ದು ಬರ್ತಾನೆ ಅಂತ ಹೆದರಿ ಹೊಡೆದ್ರೇನಮ್ಮ?” ಎಂದು ನಾನು ಕೇಳಿದೆ. ಹೌದು ಎಂದರೆ ನನ್ನ ಕೆಲಸ ಸುಲಭವಾಗುತ್ತಿತ್ತು. ಅವಳು ಹೌದು ಎನ್ನಲಿಲ್ಲ.

“ಇಲ್ಲಣ್ಣ. ಮೊದಲನೇದು ಜೀವಭಯಕ್ಕೆ. ಎರಡನೇದು ಸಿಟ್ಟಿಗೆ. ಮನೇಲಿರೋ ಪಾತ್ರೆನೆಲ್ಲ ನನ್ನ ಕೈಲೇ ಹೊರಿಸಿದ್ನಲ್ಲ. ಮಜ್ಜಿಗೆ ಬೇರೆ ಕೊಟ್ಟಿದ್ದೆ ಅವ್ನಿಗೆ.” ಆಮೇಲೆ ಹೇಳಿದಳು: “ಇಂಥವನೊಬ್ಬ ತಿರುಗ್ತಿದಾನೆ ಅಂತ ಯಾರಾದ್ರೂ ಹೇಳಿದ್ರೆ ಬಾಗಿಲೇ ತೆಗೀತಿರ್ಲಿಲ್ಲ. ಅವನೂ ನೆಟ್ಟಗೆ ಇರ್ತಿದ್ದ, ನಾನೂ ನೆಟ್ಟಗೆ ಇರ್ತಿದ್ದೆ.”

ಇಂಥವನೊಬ್ಬ ತಿರುಗುತ್ತಿದ್ದಾನೆಂದು ಗೊತ್ತಿದ್ದ ಮನುಷ್ಯ ಅವಳ ಎದುರಿಗೇ ಕೂತು ಅವಳ ಕಾಫಿ ಕುಡಿಯುತ್ತಿದ್ದ.

ಶಿವಮೊಗ್ಗಕ್ಕೆ ಬಂದು ವರದಿ ಬರೆದೆ. ಹಿಂದಿನ ಕಳ್ಳತನಗಳು, ಸುಣ್ಣದ ನೀರು, ಕೊರಳಿನ ಗುರುತು, ಎಲ್ಲವೂ ಅದರಲ್ಲಿತ್ತು. ಏಟು ಒಂದೇ ಇತ್ತು. ಸದಾಶಿವಯ್ಯನವರು ಅಷ್ಟರಲ್ಲಿ ತಮ್ಮ ಸ್ನೇಹಿತರಾದ ಒಬ್ಬ ವಕೀಲರನ್ನು ಕೇಳಿಕೊಂಡು ಬಂದಿದ್ದರು. ಕಳ್ಳ ಎದುರಿಗೆ ಇರುವವರೆಗೆ ಕಾನೂನು ನಮ್ಮ ಜೊತೆಗಿರುತ್ತದೆ, ಅವನು ಬೆನ್ನು ತಿರುಗಿಸಿದರೆ ಅದೂ ಅವನ ಕಡೆ ತಿರುಗುತ್ತದೆ ಎಂದಿದ್ದರಂತೆ ವಕೀಲರು. ಸದಾಶಿವಯ್ಯನವರು ವರದಿಯನ್ನು ಓದಿ, ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ನಡೆದದ್ದನ್ನೆಲ್ಲ ನಾನು ಅವರಿಗೆ ಬಾಯಲ್ಲಿ ಮೊದಲೇ ಹೇಳಿದ್ದೆ.

“ಇನ್ನೊಂದು ಏಟು ಎಲ್ಲಿ?”

ಪಾಪದ ಹೆಂಗಸು, ಜೈಲಿಗೆ ಹೋಗುವ ಹಾಗಿದೆ ಎಂದು ನಾನು ಗೊಣಗಿದೆ.

“ಚಿನ್ನಸಾಮಿ ಅರ್ಧ ಬರೆದದ್ದಕ್ಕೆ ಅವಳಿಗೆ ಈ ಗತಿ ಬಂತು. ಈಗ ನಾವೂ ಅರ್ಧ ಬರೆಯೋಣ ಅಂತೀಯಾ? ನಮ್ಮ ಅರ್ಧ ಅವಳ ಪರವಾಗಿದೆ ಅನ್ನೋದು ಬಿಟ್ರೆ ವ್ಯತ್ಯಾಸ ಏನು ಮಾರಾಯ? ನಾಳೆ ಅವನು ಕಣ್ಣು ಬಿಟ್ಟು ಎರಡು ಅಂದ್ರೆ, ಮೊದಲನೇದನ್ನೂ ಯಾರೂ ನಂಬೋಲ್ಲ. ಪೂರ್ತಿ ಬರಿ. ಆದರೆ ಹಾಕೋ ಮೊದಲು ಅವಳಿಗೆ ಹೋಗಿ ಹೇಳು.”

ಹೋಗಿ ಹೇಳಿದೆ. ವೀರಭದ್ರಪ್ಪ ತಲೆಯ ಮೇಲೆ ಕೈ ಹೊತ್ತು ಕೂತ. ಗಂಗಮ್ಮ ಸೆರಗಿನ ತುದಿಯನ್ನು ಬಹಳ ಹೊತ್ತು ಸುತ್ತುತ್ತಿದ್ದಳು. ಅವಳು ಬೇಡ ಎಂದಿದ್ದರೆ ನಾನು ಏನು ಮಾಡುತ್ತಿದ್ದೆನೋ ಇವತ್ತಿಗೂ ಗೊತ್ತಿಲ್ಲ. ನನಗೆ ಆ ಪರೀಕ್ಷೆ ತಪ್ಪಿಸಿದ್ದಕ್ಕೆ ಅವಳಿಗೆ ಋಣಿ. “ಹಾಕೋದಾದ್ರೆ ಎಲ್ಲಾ ಹಾಕಿ ಅಣ್ಣ. ಮಜ್ಜಿಗೆ ಕೊಟ್ಟಿದ್ದೂ ಹಾಕಿ” ಎಂದಳು.

ಅಚ್ಚಿಗೆ ಹೋಗುವ ಮೊದಲು ಸದಾಶಿವಯ್ಯನವರು ನನ್ನನ್ನು ಕರೆದುಕೊಂಡು ಇನ್‌ಸ್ಪೆಕ್ಟರರ ಬಳಿಗೂ ಹೋದರು. ಸಾಹೇಬರು ಮತ್ತೆ ಜ್ವರದ ಲೆಕ್ಕ ತೆಗೆದರು. “ನಿಮ್ಮ ಮಾತಿಗೆ ಮರ್ಯಾದೆ ಕೊಟ್ಟು ಒಂದು ಸಲ ಸುಮ್ಮನಿದ್ವಿ ಸಾಹೇಬ್ರೆ. ಅದರ ಬೆಲೆನ ಈಗ ಆ ಹೆಣ್ಣುಮಗಳು ಕೊಡ್ತಿದಾಳೆ” ಎಂದರು ಸದಾಶಿವಯ್ಯನವರು. ಆಮೇಲೆ ತಮ್ಮ ಬೇಡಿಕೆಯನ್ನು ಇಟ್ಟರು: ಬಾಗಿಲು ತೆಗೆಯಬೇಡಿ ಎಂದು ನಾವು ಬರೆಯುವುದಿಲ್ಲ, ನಿಜವಾದವರನ್ನು ಗುರುತಿಸುವುದು ಹೇಗೆಂದು ನೀವೇ ಹೇಳಿ, ಅದನ್ನೂ ಬರೆಯುತ್ತೇವೆ. ಸಾಹೇಬರು ಟೊಪ್ಪಿಗೆ ತೆಗೆದು ಮೇಜಿನ ಮೇಲಿಟ್ಟು, ಸ್ವಲ್ಪ ಯೋಚಿಸಿ, ಹೇಳಿದರು. ಗುಂಪಾಗಿ ಬರುತ್ತಾರೆ, ಒಬ್ಬನೇ ಬರುವುದಿಲ್ಲ. ಜೊತೆಗೆ ಮೇಸ್ತ್ರಿ ಇರುತ್ತಾನೆ. ಹೋಗುವಾಗ ಕಾವಿಯಲ್ಲಿ ತಾರೀಖು ಬರೆಯುತ್ತಾರೆ. ಇಷ್ಟನ್ನು ಮೊದಲ ದಿನವೇ ಅವರೂ ಹೇಳಬಹುದಿತ್ತು, ನಾವೂ ಕೇಳಬಹುದಿತ್ತು. ಮೂವರೂ ಈ ವಿಷಯವನ್ನು ಅರಿತು, ಮೂವರೂ ಗಂಭೀರವಾಗಿ ಟೀ ಕುಡಿದೆವು.

ಮರುದಿನ ಬೆಳಿಗ್ಗೆ ಪತ್ರಿಕೆಯ ಕಟ್ಟಿನ ಜೊತೆ ಅದೇ ಬಸ್ಸಿನಲ್ಲಿ ಸದಾಶಿವಯ್ಯನವರೂ ನಾನೂ ಭದ್ರಾವತಿಗೆ ಹೊರಟೆವು. ಚಿನ್ನಸಾಮಿ ಸೀಮೆಸುಣ್ಣ ಹಿಡಿದು ಸಿದ್ಧನಾಗಿದ್ದ. ಸದಾಶಿವಯ್ಯನವರು ಅದನ್ನು ಅವನ ಕೈಯಿಂದ ತೆಗೆದುಕೊಂಡು, ಪಂಚೆ ಎತ್ತಿ ಕಟ್ಟಿ, ಹಲಗೆಯ ಮೇಲೆ ಸಣ್ಣ ಅಕ್ಷರದಲ್ಲಿ ಬರೆಯತೊಡಗಿದರು. ಅರ್ಧವಲ್ಲ, ಇಡೀ ವರದಿ. ಮುಂಭಾಗ ಮುಗಿದ ಮೇಲೆ ಹಲಗೆಯನ್ನು ತಿರುಗಿಸಿ ಹಿಂಭಾಗದಲ್ಲೂ ಬರೆದರು.

“ಸಾರ್, ಎಲ್ಲಾ ಇಲ್ಲೇ ಬರೆದ್ಬಿಟ್ರೆ ಪೇಪರ್ ಯಾರು ತಗೋತಾರೆ?” ಎಂದು ಚಿನ್ನಸಾಮಿ ಅಳುದನಿಯಲ್ಲಿ ಕೇಳಿದ.

“ಇವತ್ತು ಮಾರೋದು ಬೇಡ ಚಿನ್ನಸಾಮಿ. ಇವತ್ತು ಓದಲಿ.”

ಜನ ಸೇರಿದರು. ಓದು ಬಂದವರು ಬಾರದವರಿಗೆ ಗಟ್ಟಿಯಾಗಿ ಓದಿ ಹೇಳಿದರು. ಮಜ್ಜಿಗೆಯ ಹತ್ತಿರ ಬಂದಾಗ ಯಾರೋ ನಕ್ಕರು. ಎರಡನೆಯ ಏಟಿನ ಹತ್ತಿರ ಬಂದಾಗ ಯಾರೂ ನಗಲಿಲ್ಲ. ‘ಸಿಟ್ಟಿಗೆ ಎಂದು ಆಕೆಯೇ ಹೇಳಿದ್ದಾಳೆ’ ಎಂಬ ಸಾಲನ್ನು ಇಬ್ಬರು ಮೂವರು ತಿರುಗಿ ಓದಿಸಿಕೊಂಡರು. ಒಬ್ಬ ಹೆಂಗಸಿನ ಕೈಗೆ ಕೋಳ ಹಾಕಿಸುವ ವಾಕ್ಯವನ್ನು ಬರೆದವನು ನಾನು ಎನ್ನಿಸುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಠಾಣೆಯ ಮುಂದೆ ಹೆಂಗಸರ ಸಾಲು ನಿಂತಿತ್ತು. ಅವರೆಲ್ಲರ ಮನೆಗೂ ಸುಣ್ಣದ ನೀರಿನವನು ಬಂದುಹೋಗಿದ್ದ. ಅವರಲ್ಲಿ ಹೆಚ್ಚಿನವರು ದೂರನ್ನೇ ಕೊಟ್ಟಿರಲಿಲ್ಲ. ಮೋಸಹೋದವಳು ತಾನೊಬ್ಬಳೇ ಎಂದುಕೊಂಡು, ಗಂಡನಿಗೂ ಹೇಳದೆ ನಾಚಿಕೆಯನ್ನು ನುಂಗಿಕೊಂಡಿದ್ದರು. ಊರಿನಲ್ಲಿ ಸುದ್ದಿಯೇ ಇಲ್ಲದಿದ್ದರೆ ಪ್ರತಿಯೊಬ್ಬರೂ ಒಂಟಿ ದಡ್ಡರು. ಪೊಲೀಸರು ತಂದಿಟ್ಟಿದ್ದ ಅವನ ಪಂಪನ್ನು ಆ ಹೆಂಗಸರು ಗುರುತಿಸಿದರು. ಆಸ್ಪತ್ರೆಗೆ ಹೋಗಿ, ಮಲಗಿದ್ದವನನ್ನೂ ಗುರುತಿಸಿದರು. ನಿಜವಾದ ಮಲೇರಿಯಾದವರ ಮೇಸ್ತ್ರಿಯೂ ಬಂದು, ಇವನು ತಮ್ಮವನಲ್ಲವೆಂದು ಬರೆದುಕೊಟ್ಟ.

ಇನ್‌ಸ್ಪೆಕ್ಟರರು ಎಲ್ಲವನ್ನೂ ಬರೆಸಿಕೊಂಡು, ಕೊನೆಗೆ ಕತ್ತು ಉಜ್ಜಿಕೊಂಡು ಹೇಳಿದರು: ಮೊದಲನೇ ಏಟು ಸರಿ, ಎರಡನೇದಕ್ಕೆ ಏನು ಮಾಡೋದು? ಆಗ ಸಾಲಿನಲ್ಲಿದ್ದ ಅತ್ಯಂತ ಹಿರಿಯಳು, ಸೊಸೆಯ ಬಳೆಗಳನ್ನು ಕಳೆದುಕೊಂಡಿದ್ದ ತಾಯಮ್ಮ, ಮೇಜಿನ ಹತ್ತಿರ ಬಂದಳು. ಈ ಮಾತನ್ನು ನಾನೇ ಬೆಂಚಿನ ಮೇಲೆ ಕೂತು ಕೇಳಿದ್ದೇನೆ.

“ಅವನಿಗೆ ನಾನು ಕಾಫಿ ಮಾಡಿ ಕೊಟ್ಟಿದ್ದೆ ಸಾಹೇಬ್ರೆ. ಎರಡನೇದನ್ನ ನನ್ನ ಹೆಸರಿಗೆ ಬರ್ಕೊಳ್ಳಿ.”

ಅವಳ ಹಿಂದಿದ್ದವಳು, ತಾನು ಅವಲಕ್ಕಿಯನ್ನೂ ಕೊಟ್ಟಿದ್ದೆನಾದ್ದರಿಂದ ಆ ಏಟು ತನಗೆ ಸೇರಬೇಕೆಂದು ತಕರಾರು ತೆಗೆದಳು. ಸ್ವಲ್ಪ ಹೊತ್ತಿನಲ್ಲೇ ಆ ಒಂದು ಏಟಿಗೆ ಹಳೇನಗರದ ಅರ್ಧ ಬೀದಿಯವರು ವಾರಸುದಾರರಾಗಿದ್ದರು. ಇನ್‌ಸ್ಪೆಕ್ಟರ್ ಸಾಹೇಬರು ನನ್ನ ಕಡೆ ನೋಡಿದರು. ನಾನು ಗೋಡೆಯ ಕಡೆ ನೋಡಿದೆ.

ಕೆಲವು ದಿನಗಳಲ್ಲಿ ಅವನು ಕಣ್ಣು ಬಿಟ್ಟ. ಏಟು ಎರಡು ಎಂದೇ ಹೇಳಿದ. ಊರಿಗೆಲ್ಲ ಗೊತ್ತಿದ್ದ ಮಾತನ್ನು ಹೊಸದಾಗಿ ಹೇಳಿದ್ದರಿಂದ ಅವನಿಗೆ ಏನೂ ಲಾಭವಾಗಲಿಲ್ಲ. ನ್ಯಾಯಾಲಯದಲ್ಲಿ ಗಂಗಮ್ಮ ಸಾಕ್ಷಿಯಾಗಿ ನಿಂತಳೇ ಹೊರತು ಆಪಾದಿತಳಾಗಿ ಅಲ್ಲ. ಮ್ಯಾಜಿಸ್ಟ್ರೇಟರು ಆ ಎರಡನೆಯ ಏಟಿನ ಬಗ್ಗೆ ಕೇಳಿದಾಗ ಅವಳು ನಮಗೆ ಹೇಳಿದ್ದನ್ನೇ ಹೇಳಿದಳಂತೆ. ಅವರು ಅವಳಿಗೆ ಬುದ್ಧಿಮಾತು ಹೇಳಿ ಕಳಿಸಿದರು. ತಪ್ಪು ತಪ್ಪೇ, ಅವಳೂ ಅದನ್ನು ಯಾವತ್ತೂ ಸರಿ ಎನ್ನಲಿಲ್ಲ. ಆದರೆ ಅದನ್ನು ತೂಗುವವರ ಕೈಗೆ ಪೂರ್ತಿ ತಕ್ಕಡಿ ಸಿಕ್ಕಿತ್ತು. ನಮ್ಮ ಕೆಲಸ ಅಷ್ಟೇ ಎಂದು ನಾನು ಅಂದಿನಿಂದ ತಿಳಿದಿದ್ದೇನೆ.

ಆಮೇಲೆ ಸಿಂಪಡಿಸುವವರು ಯಾವ ಬೀದಿಗೆ ಯಾವ ದಿನ ಬರುತ್ತಾರೆಂದು ಮೊದಲೇ ಪತ್ರಿಕೆಯಲ್ಲಿ ಹಾಕುವುದು ರೂಢಿಯಾಯಿತು. ಇನ್‌ಸ್ಪೆಕ್ಟರ್ ಸಾಹೇಬರು ಕಳ್ಳ ಸಿಗದ ಕಳ್ಳತನಗಳನ್ನೂ ಹೇಳತೊಡಗಿದರು. ನಮ್ಮ ರಾಮರಾಜ್ಯ ಮುಗಿಯಿತು. ಜನ ಚಿಲಕ ಹಾಕಿಕೊಳ್ಳಲು ಕಲಿತರು. ಚಿನ್ನಸಾಮಿ ಮಾತ್ರ ಒಂದು ವಾರದ ಶೋಕಾಚರಣೆಯ ನಂತರ ಅರ್ಧ ಸುದ್ದಿಗೇ ಮರಳಿದ. ಆದರೆ ಅದರಲ್ಲಿ ಮನುಷ್ಯರ ಹೆಸರೋ ಬೀದಿಯೋ ಇದ್ದರೆ ಪೂರ್ತಿ ಬರೆಯುತ್ತಿದ್ದ. ಅವನ ಲೆಕ್ಕದಲ್ಲಿ ಅದು ಸನ್ಯಾಸಕ್ಕೆ ಸಮ. ಈ ಎಲ್ಲರೂ ನನ್ನ ಗುರುಗಳೇ. ಎಲೆಯಡಿಕೆ ಉಗಿದು ಬಂದು ಯೋಚಿಸಿದವರು, ತಾವು ಹೇಳಿದ್ದು ತಪ್ಪಾಯಿತೆಂದು ಟೊಪ್ಪಿಗೆ ತೆಗೆದಿಟ್ಟವರು. ಇಂಥವರ ನಡುವೆ ಅನ್ನ ಹುಟ್ಟಿದ್ದು ನನ್ನ ಭಾಗ್ಯ.

ಬಹಳ ದಿನಗಳ ಮೇಲೆ ಬೇರೆ ಕೆಲಸಕ್ಕೆ ಭದ್ರಾವತಿಗೆ ಹೋದವನು ಗಂಗಮ್ಮನ ಬಾಗಿಲು ತಟ್ಟಿದೆ. ಒಳಗಿನಿಂದ ಯಾರು ಎಂದಳು. ಪೇಪರಿನವನು ಎಂದೆ.

“ಪೇಪರಿನವರೇ ಅಂತ ಏನು ಗ್ಯಾರಂಟಿ?”

ನಾನು ತಬ್ಬಿಬ್ಬಾದೆ. ನಮ್ಮ ಪತ್ರಿಕೆ ನನಗೆ ಗುರುತಿನ ಚೀಟಿ ಕೊಟ್ಟಿರಲಿಲ್ಲ. ನನ್ನ ಹೆಸರು ಹೇಳಿದೆ. ವರದಿಗಳಲ್ಲಿ ಹೆಸರು ಬಾರದ ಕಾಲವಾದ್ದರಿಂದ ಅದು ಅವಳಿಗೆ ಗೊತ್ತಿರಲಿಲ್ಲ. ಆಮೇಲೆ ಚಿಲಕದ ಹತ್ತಿರದಿಂದಲೇ ಪ್ರಶ್ನೆ ಬಂತು.

“ಏಟು ಎಷ್ಟು?”

“ಎರಡು ಕಣಮ್ಮ” ಎಂದೆ.

ಚಿಲಕ ಸರಿಯಿತು.